ಮೊಸರನ್ನ ತಿಂದದ್ದು ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಅಡಿಕೆ ತೋಟದ ಮನೆ. ಎರಡು ವರ್ಷದ ಹಿಂದೆ ಮಗ ಬೆಂಗಳೂರಿನಿಂದ ರಾಸ್ಪ್‌ಬೆರಿ ಪೈ 4 ಎಂಬ ಒಂದು ಪುಟ್ಟ ಕಂಪ್ಯೂಟರ್ ತಂದ. ಅದಕ್ಕೆ ಮನೆಯ ಪ್ಲೇಯರುಗಳಿಗೆ ಹಾಡು ಕಳಿಸುವ ಲಿರಿಯನ್ ಮ್ಯೂಸಿಕ್ ಸರ್ವರ್ ಎಂಬ ಸಾಫ್ಟ್‌ವೇರ್ ಹಾಕಿ, 2 ಟಿಬಿ ಹಾರ್ಡ್ ಡಿಸ್ಕ್ ಜೋಡಿಸಿಕೊಟ್ಟು ಹೋದ. ನಮ್ಮ ಹಳೇ ಕ್ಯಾಸೆಟ್ಟು, ಸಿಡಿ, ತಾಳಮದ್ದಳೆಯ ರೆಕಾರ್ಡಿಂಗು ಎಲ್ಲ ಸೇರಿ ಸುಮಾರು 18,000 ಫೈಲು ಅದರಲ್ಲಿವೆ. ಜಗಲಿಯಲ್ಲಿ ಒಂದು ಪ್ಲೇಯರ್, ಅಡುಗೆಮನೆಯಲ್ಲಿ ಒಂದು. ಚೆನ್ನಾಗಿಯೇ ಇತ್ತು. ಈಗ ಒಂದು ತಿಂಗಳಿಂದ ಹಾಡು ನಡುನಡುವೆ ನಿಲ್ಲುತ್ತದೆ. ಫೋನಿನಲ್ಲಿ ಪುಟ ತೆರೆಯಲು ಒಂದು ನಿಮಿಷ ಬೇಕು. ಯಾವ ಪ್ರೋಗ್ರಾಂ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ನೋಡಲು, ಮಗ ಹೇಳಿಕೊಟ್ಟ ಹಾಗೆ 'ಟಾಪ್' ಎಂದು ಟೈಪ್ ಮಾಡಿ ನೋಡಿದೆ. ಸಿಪಿಯು ಅಂಕಣದಲ್ಲಿರುವುದನ್ನು ಕೂಡಿದರೆ 190 ಬರುತ್ತದೆ! ನೂರರಲ್ಲಿ ನೂರಾ ತೊಂಬತ್ತು ಹೇಗೆ ಬಂತು? ಅಂಗಡಿಯವರು ಹೊಸ ಬೋರ್ಡ್ ಹಾಕಿಸಿ ಅಂದರು. ನೆಂಟರೊಬ್ಬರು ಸಾಫ್ಟ್‌ವೇರ್ ಹಳೇದು, ಕಿತ್ತುಹಾಕಿ ಅಂದರು. ಯಾರ ಮಾತು ಕೇಳಲಿ? ಪರದೆಯ ಫೋಟೋ ಕಳಿಸಿದ್ದೇನೆ.
(ಹೆಸರು ಬೇಡ ಎಂದಿದ್ದಾರೆ, ಸಾಗರ ತಾಲ್ಲೂಕು)

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಫೋಟೋ ಕಳಿಸಿದ್ದು ತುಂಬ ಒಳ್ಳೇದಾಯಿತು. ನನಗೆ ಬರುವ ಹತ್ತು ಪತ್ರದಲ್ಲಿ ಒಂಬತ್ತು 'ಸಿಪಿಯು ಜಾಸ್ತಿ ಆಗಿದೆ' ಎನ್ನುವಲ್ಲಿಗೇ ಮುಗಿದುಹೋಗುತ್ತವೆ. ಎಷ್ಟು ಎನ್ನುವುದು ಆಮೇಲಿನ ಮಾತು, ಮೊದಲು ಯಾರು ಅಂತ ಗೊತ್ತಾಗಬೇಕು. ಮಂಗ ಮೊಸರನ್ನ ತಿಂದು ಮೇಕೆಯ ಮೂತಿಗೆ ಒರೆಸಿತ್ತಂತೆ. ನಿಮ್ಮ ಮನೆಯಲ್ಲಿ ಆ ಮೇಕೆ ಲಿರಿಯನ್.

ಮೊದಲು ಆ 190ರ ಸಂಗತಿ. ಪೈ 4ರ ಸಿಪಿಯುನಲ್ಲಿ ನಾಲ್ಕು ಕೋರ್, ಅಂದರೆ ಒಟ್ಟಿಗೇ ದುಡಿಯುವ ನಾಲ್ಕು ಭಾಗ ಇವೆ. ಟಾಪ್ ಲೆಕ್ಕದಲ್ಲಿ ಒಂದು ಕೋರ್ ಪೂರ್ತಿ ದುಡಿದರೆ 100. ನಾಲ್ಕೂ ದುಡಿದರೆ 400. ಅಂದರೆ ನಿಮ್ಮ ಪೆಟ್ಟಿಗೆಯ ಶಕ್ತಿಯಲ್ಲಿ ಅರ್ಧವೂ ಖರ್ಚಾಗಿಲ್ಲ. ಹಾಗಾದರೆ ಹಾಡು ಯಾಕೆ ನಿಲ್ಲುತ್ತಿದೆ? ಅದಕ್ಕೇ ಸಾಲು ಸಾಲಾಗಿ ಓದಬೇಕು. ನಿಮ್ಮ ಫೋಟೋದಲ್ಲಿ ಮೇಲಿಂದ ಕೆಳಗೆ ಹೀಗಿದೆ: ಮೌಂಟ್ ಡಾಟ್ ಎನ್‌ಟಿಎಫ್‌ಎಸ್ 71. ಸ್ಕ್ವೀಜ್‌ಬಾಕ್ಸ್ ಸರ್ವರ್ 64. ಲೇಮ್ 22. ಇನ್ನೊಂದು ಲೇಮ್ 19. ಮತ್ತೆ ಸ್ಕ್ವೀಜ್‌ಬಾಕ್ಸ್ ಸರ್ವರ್ 11. ಫ್ಲ್ಯಾಕ್ 3.

ಸ್ಕ್ವೀಜ್‌ಬಾಕ್ಸ್ ಎಂಬ ಹೆಸರು ನೋಡಿ ಗಾಬರಿಯಾಗಬೇಡಿ. ಲಿರಿಯನ್ನಿನ ಹಳೇ ಹೆಸರು ಅದು. ಸ್ಲಿಮ್ ಡಿವೈಸಸ್ ಎಂಬ ಕಂಪನಿ ತನ್ನ ಪ್ಲೇಯರ್‌ಗಳಿಗಾಗಿ ಈ ಸರ್ವರ್ ಬರೆದಿತ್ತು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು. 2012ರಲ್ಲಿ ಸ್ಕ್ವೀಜ್‌ಬಾಕ್ಸ್ ಪ್ಲೇಯರ್ ತಯಾರಿ ನಿಲ್ಲಿಸಿತು. ಸಾಫ್ಟ್‌ವೇರ್ ಮುಕ್ತವಾಗಿತ್ತು, ಹಾಗಾಗಿ ಬಳಸುವವರೇ ಉಳಿಸಿಕೊಂಡು ಬಂದರು. ಲಿರಿಯನ್ ಎಂಬ ಹೆಸರು ಬಂದದ್ದು 2024ರಲ್ಲಿ. ಹಳೇದು ಎಂದ ನಿಮ್ಮ ನೆಂಟರ ಮಾತು ಸುಳ್ಳಲ್ಲ. ಆದರೆ ಹಳೇದು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಅಲ್ವಾ?

ಆ ಹೆಸರು ಎರಡು ಸಲ ಯಾಕೆ ಬಂತು? ಟಾಪ್ ಉದ್ದ ಹೆಸರುಗಳ ಬಾಲ ಕತ್ತರಿಸುತ್ತದೆ. ಅದು ತೆರೆದಿರುವಾಗ ಕೀಬೋರ್ಡಿನಲ್ಲಿ ಸಿ ಅಕ್ಷರ ಒತ್ತಿ. ಪೂರ್ತಿ ಹೆಸರು ಕಾಣುತ್ತದೆ. ಆಗ ಗೊತ್ತಾಗುತ್ತದೆ, 11 ತಿನ್ನುತ್ತಿರುವುದು ನಿಜವಾದ ಸರ್ವರ್. 64 ತಿನ್ನುತ್ತಿರುವುದು ಅದರ ಸ್ಕ್ಯಾನರ್, ಅಂದರೆ ಹಾಡುಗಳ ಪಟ್ಟಿ ಬರೆದುಕೊಳ್ಳುವ ಬೇರೆ ಪ್ರೋಗ್ರಾಂ. ಸರ್ವರ್ ಪಾಪ, ಮೂಲೆಯಲ್ಲಿ ಕೂತು ತನ್ನ ಪಾಡಿಗೆ ಹಾಡು ಕಳಿಸುತ್ತಿದೆ.

ಇಷ್ಟು ಕಂಡ ಮೇಲೆ ನಿಮಗೆ ಫೋನ್ ಮಾಡಿದೆ. ಮಾತಾಡಿದ್ದನ್ನು ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಫೋಟೋ ತೆಗೆದದ್ದು ಮಧ್ಯಾಹ್ನ ಮೂರು ಗಂಟೆಗೆ. ಆ ಹೊತ್ತಿನಲ್ಲಿ ಸ್ಕ್ಯಾನ್ ಯಾಕೆ ನಡೆಯುತ್ತಿತ್ತು? ನಿಮ್ಮ ಮಗ ದಿನಾ ರಾತ್ರಿ ಎರಡು ಗಂಟೆಗೆ ಸ್ಕ್ಯಾನ್ ಆಗುವ ಹಾಗೆ ಸಮಯ ಇಟ್ಟಿದ್ದಾರೆ. ತಪ್ಪಿಲ್ಲ. ಆದರೆ ಆಯ್ಕೆ ಮಾಡಿದ್ದು 'ಪಟ್ಟಿ ಅಳಿಸಿ ಮತ್ತೆ ಎಲ್ಲವನ್ನೂ ಓದು' ಎನ್ನುವುದನ್ನು. ಪ್ರತಿ ರಾತ್ರಿ ಪೂರ್ತಿ ಪಟ್ಟಿಯನ್ನು ಹರಿದುಹಾಕಿ ಹೊಸದಾಗಿ ಬರೆಯುವುದು. ಅದಕ್ಕೆ ಪ್ರತಿ ಫೈಲನ್ನೂ ತೆರೆದು ಹಾಡು ಯಾವುದು, ಹಾಡಿದವರು ಯಾರು, ಚಿತ್ರ ಇದೆಯಾ ಅಂತ ನೋಡಬೇಕು. ಆ ಪಟ್ಟಿ ಸ್ಕ್ಯಾನರಿನ ಕೈಯಲ್ಲಿರುವಷ್ಟು ಹೊತ್ತು ನಿಮ್ಮ ಫೋನಿನ ಪುಟ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತದೆ. ಮೊದಲೆಲ್ಲ ಬೆಳಕು ಹರಿಯುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸ ಈಗ ಸಂಜೆಯಾದರೂ ಮುಗಿಯುತ್ತಿಲ್ಲ. ಮತ್ತೆ ರಾತ್ರಿ ಎರಡಾಗುತ್ತದೆ. ಮತ್ತೆ ಮೊದಲಿಂದ.

ಯಾಕೆ ಮುಗಿಯುತ್ತಿಲ್ಲ ಅಂತ ಕೇಳುತ್ತಾ ಹೋದಾಗ ನೀವು ಒಂದು ಮಾತು ಹೇಳಿದಿರಿ. 'ಹೋದ ತಿಂಗಳು ಎಲ್ಲ ಹಾಡಿಗೂ ಒಂದು ಬ್ಯಾಕಪ್ ಮಾಡಿದೆ ಮೇಡಂ, ಜಾಗ್ರತೆಗೆ.' ಎಲ್ಲಿ ಮಾಡಿದಿರಿ? 'ಅದೇ ಡಿಸ್ಕಲ್ಲಿ, ಹಾಡಿನ ಫೋಲ್ಡರ್ ಒಳಗೇ.' ಅಲ್ಲಿಗೆ 18,000 ಇದ್ದದ್ದು 36,000 ಆಯಿತು. ಪ್ರತಿ ಪ್ರಸಂಗವೂ ಎರಡೆರಡು ಸಲ ಕಾಣುತ್ತಿದೆ ಅಂತ ನಿಮ್ಮ ಮನೆಯವರು ಹೇಳಿದ್ದೂ ಇದಕ್ಕೇ. ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅದೇ ಡಿಸ್ಕಿನಲ್ಲಿಟ್ಟದ್ದು ಬ್ಯಾಕಪ್ ಅಲ್ಲ. ಎರಡನೇ ಕೀಲಿಕೈಯನ್ನೂ ಒಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಈಗ ಪಟ್ಟಿಯ ಮೊದಲನೇ ಹೆಸರು, 71 ತಿಂದವನು. ನಿಮ್ಮ ಡಿಸ್ಕ್ ಮೊದಲು ವಿಂಡೋಸ್ ಲ್ಯಾಪ್‌ಟಾಪಿನಲ್ಲಿತ್ತು. ಅದರಲ್ಲಿ ಫೈಲುಗಳು ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಪದ್ಧತಿಯಲ್ಲಿ ಕೂತಿವೆ. ಪೈ ಓಡುವುದು ಲಿನಕ್ಸಿನಲ್ಲಿ. ನಿಮ್ಮ ಪೈಯಲ್ಲಿ ಆ ಪದ್ಧತಿಯನ್ನು ಓದಲು ಒಬ್ಬ ದುಭಾಷಿಯನ್ನು ಇಟ್ಟಿದ್ದಾರೆ. ಅವನೇ ಈ ಮೌಂಟ್ ಡಾಟ್ ಎನ್‌ಟಿಎಫ್‌ಎಸ್. ಲಿನಕ್ಸಿನ ತಿರುಳಾದ ಕರ್ನಲ್ ಒಳಗೆ ಅವನಿಗೆ ಜಾಗವಿಲ್ಲ, ಹೊರಗೆ ಕೂತು ಕೆಲಸ ಮಾಡುತ್ತಾನೆ. ಒಂದು ಫೈಲ್ ತೆರೆಯಬೇಕೆಂದರೂ ಮಾತು ಒಳಗಿಂದ ಅವನ ಹತ್ತಿರ ಬಂದು, ಅವನು ಡಿಸ್ಕ್ ನೋಡಿ, ಮತ್ತೆ ಒಳಗೆ ಹೋಗಬೇಕು. ಒಂದು ಹಾಡು ಕೇಳುವಾಗ ಇದು ಗೊತ್ತೇ ಆಗುವುದಿಲ್ಲ. 36,000 ಫೈಲನ್ನು ಒಂದೊಂದಾಗಿ ತೆರೆಯುವಾಗ ಗೊತ್ತಾಗುತ್ತದೆ.

ಇದಕ್ಕೆ ಎರಡು ದಾರಿ. 2021ರಲ್ಲಿ ಬಂದ ಲಿನಕ್ಸ್ ಕರ್ನಲ್ 5.15ರಿಂದ ಈಚೆಗೆ ಎನ್‌ಟಿಎಫ್‌ಎಸ್3 ಎಂಬ ಡ್ರೈವರ್ ಒಳಗೇ ಇದೆ. ಅದನ್ನು ಬಳಸಿ ಡಿಸ್ಕ್ ಜೋಡಿಸಬಹುದು. ಇನ್ನೊಂದು, ಡಿಸ್ಕನ್ನು ಲಿನಕ್ಸಿನದೇ ಆದ ಇಎಕ್ಸ್‌ಟಿ4 ಪದ್ಧತಿಗೆ ಬದಲಿಸುವುದು. ನನ್ನ ಮತ ಎರಡನೆಯದಕ್ಕೆ. ನಿಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ತಟ್ಟನೆ ಕರೆಂಟ್ ಹೋದಾಗ ಲಿನಕ್ಸ್ ತನ್ನ ಪದ್ಧತಿಯ ಡಿಸ್ಕನ್ನು ಸಾಮಾನ್ಯವಾಗಿ ತಾನೇ ಸರಿಮಾಡಿಕೊಳ್ಳುತ್ತದೆ. ಎನ್‌ಟಿಎಫ್‌ಎಸ್ ಕೆಟ್ಟರೆ ಅದನ್ನು ಸರಿಯಾಗಿ ರಿಪೇರಿ ಮಾಡಲು ವಿಂಡೋಸ್ ಕಂಪ್ಯೂಟರ್ ಹುಡುಕಬೇಕು. ಆದರೆ ಎಚ್ಚರ. ಇಎಕ್ಸ್‌ಟಿ4 ಮಾಡುವಾಗ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ. ಮೊದಲು ಇನ್ನೊಂದು ಡಿಸ್ಕ್ ತಂದು ಎಲ್ಲವನ್ನೂ ಅದಕ್ಕೆ ಹಾಕಿ, ನಾಲ್ಕಾರು ಹಾಡು ಕೇಳಿ ನೋಡಿ, ಆಮೇಲೆ ಮುಂದಿನ ಕೆಲಸ. ಆ ಎರಡನೇ ಡಿಸ್ಕನ್ನು ಬೀರುವಿನಲ್ಲಿಡಿ. ಅದು ಬ್ಯಾಕಪ್. ಮಗ ಬಂದಾಗ ಡಿಸ್ಕ್ ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚುತ್ತಾನೆ ಅಂದಿರಿ. ಇನ್ನು ಮೇಲೆ ಹಾಗೆ ಆಗುವುದಿಲ್ಲ. ಪೈಯಲ್ಲಿ ಸಾಂಬಾ ಹಾಕಿಕೊಂಡರೆ ಡಿಸ್ಕ್ ಇದ್ದಲ್ಲೇ ಇರುತ್ತದೆ, ಲ್ಯಾಪ್‌ಟಾಪಿನಿಂದ ವೈಫೈ ಮೇಲೇ ಹಾಡು ಹಾಕಬಹುದು. ಸಾಂಬಾ ಅಂದರೆ ಫೈಲ್ ಹಂಚಿಕೊಳ್ಳುವ ಸಾಫ್ಟ್‌ವೇರ್, ಹೆಸರಷ್ಟೇ ಕುಣಿತದ್ದು.

ಆಮೇಲೆ ಇಬ್ಬರು ಲೇಮ್‌ಗಳು. ಲೇಮ್ ಎನ್ನುವುದು ಎಂಪಿ3 ತಯಾರಿಸುವ ಪ್ರೋಗ್ರಾಂ. ಹಾಡು ಕೇಳುವ ಮನೆಯಲ್ಲಿ ಎಂಪಿ3 ತಯಾರಿಸುವ ಕೆಲಸ ಏನಿದೆ? ಸೆಟ್ಟಿಂಗ್ಸ್ ತೆರೆದು, ಪ್ಲೇಯರ್ ಆರಿಸಿ, ಆಡಿಯೋ ಎಂಬಲ್ಲಿಗೆ ಹೋಗಲು ಹೇಳಿದೆ. ಬಿಟ್‌ರೇಟ್ ಲಿಮಿಟಿಂಗ್ ಎಂಬಲ್ಲಿ 128 ಇತ್ತು, ಅಂದರೆ ಸೆಕೆಂಡಿಗೆ 128 ಕಿಲೋಬಿಟ್‌ಗಿಂತ ಜಾಸ್ತಿ ಕಳಿಸಬೇಡ ಅಂತ. ಎರಡೂ ಪ್ಲೇಯರಿಗೆ. ಮೊದಲು ನಿಮ್ಮ ಮನೆಯ ವೈಫೈ ದುರ್ಬಲವಾಗಿದ್ದಾಗ ಮಗ ಹಾಕಿದ್ದಂತೆ. ಹಾಗಾಗಿ ಜಗಲಿಗೆ ಹೋಗುವ ಫ್ಲ್ಯಾಕ್ ಹಾಡನ್ನು (ಗುಣಮಟ್ಟ ಕೆಡದಂತೆ ಕುಗ್ಗಿಸಿಟ್ಟದ್ದು) ಬಿಚ್ಚಿ, ಮತ್ತೆ 128ರ ಎಂಪಿ3 ಮಾಡಿ ಕಳಿಸುತ್ತಿದೆ. ಫೋಟೋದಲ್ಲಿದ್ದ ಆ ಫ್ಲ್ಯಾಕ್ 3 ಬಿಚ್ಚುವ ಕೆಲಸದ್ದು. ನೋಡಿ, ಬಿಚ್ಚುವುದು ಎಷ್ಟು ಹಗುರ, ಕಟ್ಟುವುದು ಎಷ್ಟು ಭಾರ. ಅಡುಗೆಮನೆಯಲ್ಲಿ ಹಾಡುತ್ತಿದ್ದದ್ದು 320ರ ಎಂಪಿ3. ಅದನ್ನೂ ಬಿಚ್ಚಿ 128ಕ್ಕೆ ಇಳಿಸಿ ಕಟ್ಟುತ್ತಿದೆ. ಕಿವಿಗೂ ನಷ್ಟ, ಸಿಪಿಯುಗೂ ನಷ್ಟ.

ಲೆಕ್ಕ ಹಾಕೋಣ. ಸಿಡಿಯಲ್ಲಿ ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೆ 16 ಬಿಟ್, ಎಡ ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಒಂದೂವರೆ ಮೆಗಾಬಿಟ್ಟೂ ಇಲ್ಲ. ಫ್ಲ್ಯಾಕ್ ಮಾಡಿದರೆ ಇನ್ನೂ ಕಡಿಮೆ. ಹೋದ ವರ್ಷ ನೀವು ಹೊಸ ರೂಟರ್ ಹಾಕಿಸಿದ್ದೀರಿ. ಅದರ ಮೇಲೆ ಮೊಮ್ಮಕ್ಕಳು ಇಡೀ ದಿನ ವಿಡಿಯೋ ನೋಡುತ್ತಾರೆ. ವಿಡಿಯೋ ಹರಿಯುವ ಕಾಲುವೆಯಲ್ಲಿ ಹಾಡು ಹರಿಯುವುದಿಲ್ಲವೇ? ಮಿತಿ ತೆಗೆದುಹಾಕಿ. ಫೋನಿನಲ್ಲಿ ಮಾತಾಡುತ್ತಿರುವಾಗಲೇ ತೆಗೆದಿರಿ. ಮುಂದಿನ ಹಾಡಿಗೆ ಎರಡು ಲೇಮ್‌ಗಳೂ ಟಾಪಿನಿಂದ ಕಾಣೆಯಾದವು.

ಇಷ್ಟಾದರೂ ನನಗೆ ಒಂದು ಸಮಾಧಾನ ಇರಲಿಲ್ಲ. ಪೈ 4ಕ್ಕೆ ಎರಡು ಹಾಡು ಎಂಪಿ3 ಮಾಡುವುದು ಇಷ್ಟು ಭಾರ ಆಗಬಾರದು. ಅದು 1.5 ಗಿಗಾಹರ್ಟ್ಸ್‌ನಲ್ಲಿ ಓಡುವ ಪ್ರಾಣಿ. ಯಾರೋ ಕಾಲು ಕಟ್ಟಿದ್ದಾರೆ ಅನ್ನಿಸಿತು. ಪೈಯಲ್ಲಿ ಅದನ್ನು ಪತ್ತೆ ಮಾಡಲು ಒಂದು ಆಜ್ಞೆ ಇದೆ, ವಿಸಿಜೆನ್‌ಸಿಎಂಡಿ ಗೆಟ್ ಥ್ರಾಟಲ್ಡ್ ಅಂತ. ಗೆಟ್ ಮತ್ತು ಥ್ರಾಟಲ್ಡ್ ನಡುವೆ ಅಂಡರ್‌ಸ್ಕೋರ್ ಹಾಕಬೇಕು. ಸೊನ್ನೆ ಬಂದರೆ ಎಲ್ಲ ಕ್ಷೇಮ. ನೀವು ಓದಿ ಹೇಳಿದ್ದು 50005.

ಈ ಸಂಖ್ಯೆಯನ್ನು ನಾನು ಸಾವಿರ ಜನರ ನಡುವೆಯೂ ಗುರುತಿಸುತ್ತೇನೆ. ಕೊನೆಯ 5 ಅಂದರೆ ಈ ಕ್ಷಣ ವೋಲ್ಟೇಜ್ ಸಾಲುತ್ತಿಲ್ಲ, ಅದಕ್ಕೇ ವೇಗ ತಗ್ಗಿಸಿದ್ದೇನೆ ಅಂತ. ಮೊದಲ 5 ಅಂದರೆ ಆನ್ ಆದಮೇಲೆ ಹೀಗೆ ಆಗಿದೆ ಅಂತ. ಪೈಗೆ ಸಿಗುವ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಅದು ಜೀವ ಉಳಿಸಿಕೊಳ್ಳಲು 600 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ಅರ್ಧಕ್ಕಿಂತಲೂ ಕಡಿಮೆ. ಮಾಡುವ ಕೆಲಸ ಅಷ್ಟೇ ಇದ್ದರೂ ಸಿಪಿಯು ಶೇಕಡಾ ಎರಡು ಪಟ್ಟಿಗಿಂತ ಜಾಸ್ತಿ ಕಾಣುತ್ತದೆ. ಎತ್ತು ಕುಂಟುತ್ತಿರುವಾಗ ಹೊರೆ ಜಾಸ್ತಿ ಆಯಿತು ಅಂತ ನಾವು ತಿಳಿದುಕೊಂಡಿದ್ದೇವೆ.

ಅಡಾಪ್ಟರ್ ಯಾವುದು ಅಂತ ಕೇಳಿದೆ. ಮೊದಲಿನ ಅಡಾಪ್ಟರಿನ ವೈರನ್ನು ಇಲಿ ಕಡಿದಿತ್ತು. ಯಾವಾಗ? ಒಂದು ತಿಂಗಳ ಹಿಂದೆ. ಅಂದಿನಿಂದ ಫೋನಿನ ಚಾರ್ಜರ್. 'ಸಣ್ಣದಲ್ಲ ಮೇಡಂ, 65 ವ್ಯಾಟ್ ಅಂತ ಬರೆದಿದೆ' ಅಂದಿರಿ. ಆ 65 ವ್ಯಾಟ್ ಸಿಗುವುದು ಫೋನೂ ಚಾರ್ಜರೂ ಮಾತಾಡಿಕೊಂಡು ವೋಲ್ಟೇಜ್ ಏರಿಸಿಕೊಂಡಾಗ. ಪೈ 4ಗೆ ಆ ಮಾತು ಬರುವುದಿಲ್ಲ. ಅದಕ್ಕೆ ಬೇಕಾದದ್ದು 5 ವೋಲ್ಟ್ ಮಾತ್ರ, ಆದರೆ ಅದರಲ್ಲೇ 3 ಆಂಪಿಯರ್. ಅದರ ಸ್ವಂತ ಅಡಾಪ್ಟರ್ 5.1 ವೋಲ್ಟಿನದು, ವೈರಿನಲ್ಲಿ ಸ್ವಲ್ಪ ಸೋರಿದರೂ ಸಾಲಲಿ ಅಂತ. ನಿಮ್ಮಲ್ಲಿ ಚಾರ್ಜರಿನ ತೆಳ್ಳಗಿನ ಕೇಬಲ್ಲಿನಲ್ಲೇ ಅಷ್ಟು ಸೋರುತ್ತಿದೆ. ಸಾಲದ್ದಕ್ಕೆ ಹಾರ್ಡ್ ಡಿಸ್ಕ್ ಕೂಡ ಪೈಯಿಂದಲೇ ಕರೆಂಟ್ ಹೀರುತ್ತಿದೆ.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ. ಮೊದಲು ಅಡಾಪ್ಟರ್. ಆಮೇಲೆ ಆ ಬ್ಯಾಕಪ್ ಫೋಲ್ಡರನ್ನು ಹಾಡಿನ ಫೋಲ್ಡರಿನಿಂದ ಹೊರಗೆ ತೆಗೆಯುವುದು, ರಾತ್ರಿಯ ಸ್ಕ್ಯಾನನ್ನು 'ಹೊಸದು, ಬದಲಾದದ್ದು ಮಾತ್ರ' ಎಂಬುದಕ್ಕೆ ಬದಲಿಸುವುದು. ಡಿಸ್ಕಿನ ಕೆಲಸ ದೊಡ್ಡದು, ಮಗ ಬಂದಾಗ ಮಾಡಲಿ.

ಒಂದು ವಾರದ ಮೇಲೆ ನೀವು ಫೋನ್ ಮಾಡಿದಿರಿ. ಹೊಸ ಅಡಾಪ್ಟರ್ ಹಾಕಿ, ಫೋಲ್ಡರ್ ತೆಗೆದಮೇಲೆ ಸ್ಕ್ಯಾನ್ 4 ನಿಮಿಷದಲ್ಲಿ ಮುಗಿಯುತ್ತಿದೆ. ಹಾಡುವಾಗ ಎಲ್ಲ ಕೂಡಿದರೂ 10 ದಾಟುವುದಿಲ್ಲ. ಡಿಸ್ಕ್ ಇನ್ನೂ ಎನ್‌ಟಿಎಫ್‌ಎಸ್‌ನಲ್ಲೇ ಇದೆ. ಇರಲಿ, ದೀಪಾವಳಿವರೆಗೆ ತಡೆಯುತ್ತದೆ.

ಇದೇ ತೊಂದರೆ ಇರುವ ಬೇರೆಯವರು ಇನ್ನೊಂದು ಕಡೆಯೂ ನೋಡಬೇಕು. ಅದು ನಮ್ಮ ಮನೆಯಲ್ಲೇ ಆದದ್ದು. ನಮ್ಮ ಅತ್ತೆಗೆ ಬೆಳಿಗ್ಗೆ ಐದೂವರೆಗೆ ದೇವರನಾಮ ಬೇಕು. ಒಂದು ದಿನ 'ನಿನ್ನ ಪೆಟ್ಟಿಗೆ ಏದುಸಿರು ಬಿಡ್ತಾ ಇದೆ ನೋಡು' ಅಂದರು. ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಸ್ಕ್ಯಾನರ್ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿತ್ತು, ಆಲ್ಬಂ ಚಿತ್ರಗಳನ್ನು ಸಣ್ಣದು ಮಾಡುವ ಹಂತದಲ್ಲಿ. ನಮ್ಮ ಮೈದುನನ ಮಗ ರಜೆಯಲ್ಲಿ ಅತ್ತೆಯ ಕ್ಯಾಸೆಟ್ಟುಗಳ ಕವರನ್ನೆಲ್ಲ ಪ್ರೀತಿಯಿಂದ ಸ್ಕ್ಯಾನ್ ಮಾಡಿದ್ದ. ಒಂದೊಂದು ಚಿತ್ರ 8 ಎಂಬಿ. ಅದನ್ನು ಪ್ರತಿ ಹಾಡಿನ ಫೈಲಿನೊಳಗೂ ತುರುಕಿದ್ದ. 900 ಹಾಡು, 7 ಜಿಬಿಗಿಂತ ಜಾಸ್ತಿ ಬರೀ ಚಿತ್ರ! ಫೋನಿನಲ್ಲಿ ಕಾಣುವುದು ಉಗುರಿನಷ್ಟು. ಕ್ಯಾಸೆಟ್ಟಿನ ಬೆಲೆಯ ಚೀಟಿ ಓದಬೇಕೆಂದಿದ್ದರೆ ಸರಿ, ಇಲ್ಲದಿದ್ದರೆ ಇಷ್ಟು ಯಾಕೆ? ಫೈಲಿನೊಳಗಿನ ಚಿತ್ರ ತೆಗೆದು, ಆಲ್ಬಮ್ಮಿಗೆ ಒಂದರಂತೆ 600 ಪಿಕ್ಸೆಲ್ಲಿನದು ಫೋಲ್ಡರಿನಲ್ಲಿಟ್ಟೆ. ಹುಡುಗನಿಗೆ ಹೇಳಿಲ್ಲ.

ಪ್ರಶ್ನೆ: ಹಳೇ ಲ್ಯಾಪ್‌ಟಾಪಿನಲ್ಲಿ ನ್ಯಾವಿಡ್ರೋಮ್ ಎಂಬ ಹಾಡಿನ ಸರ್ವರ್ ಹಾಕಿ ಮೂರು ವರ್ಷ ಆಯಿತು, ಅಪ್‌ಡೇಟ್ ಮಾಡಿಲ್ಲ. ಯಾರೂ ಹಾಡು ಕೇಳದಿದ್ದರೂ ಗಡಿಯಾರ ನೋಡಿದ ಹಾಗೆ ನಿಮಿಷಕ್ಕೊಮ್ಮೆ ಸಿಪಿಯು ಜಿಗಿಯುತ್ತದೆ. ವೈರಸ್ ಇರಬಹುದೇ? (ಓದುಗರು, ಹುಬ್ಬಳ್ಳಿ)

ಉತ್ತರ: ನಿಮಿಷಕ್ಕೊಮ್ಮೆ ಅಂತ ಗಮನಿಸಿದ್ದೀರಲ್ಲ, ಅರ್ಧ ಉತ್ತರ ನೀವೇ ಹೇಳಿದ್ದೀರಿ. ನ್ಯಾವಿಡ್ರೋಮಿನ ಹಳೇ ಆವೃತ್ತಿಗಳಿಗೆ ನಾವು ಏನೂ ಹೇಳದಿದ್ದರೆ ಪ್ರತಿ 1 ನಿಮಿಷಕ್ಕೆ ಫೋಲ್ಡರ್ ನೋಡಿ ಬರುವ ಅಭ್ಯಾಸ ಇತ್ತು. ಹಾಡು ಕಡಿಮೆ ಇದ್ದರೆ ತೊಂದರೆ ಇಲ್ಲ. ಹಾಡು ಜಾಸ್ತಿ, ಡಿಸ್ಕ್ ನಿಧಾನ ಆದರೆ ಕಷ್ಟ. ಸ್ಕ್ಯಾನ್ ಷೆಡ್ಯೂಲ್ ಎಂಬ ಸೆಟ್ಟಿಂಗಿನಲ್ಲಿ ಅದನ್ನು 24 ಗಂಟೆಗೊಮ್ಮೆ ಮಾಡಿ, ಇಲ್ಲವೇ ಅಪ್‌ಡೇಟ್ ಮಾಡಿ. ಅಪ್‌ಡೇಟಿಗೆ ಮುಂಚೆ ಅದರ ಡೇಟಾ ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಹಾಡು ಕೇಳುವಾಗ ಮಾತ್ರ ಸಿಪಿಯು ಏರಿದರೆ ಟಾಪಿನಲ್ಲಿ ಎಫ್‌ಎಫ್‌ಎಂಪೆಗ್ ಹೆಸರು ಹುಡುಕಿ, ಹಾಡನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಪ್ರೋಗ್ರಾಂ ಅದು. ಅದು ಕಂಡರೆ ಸಾಮಾನ್ಯವಾಗಿ ನಿಮ್ಮ ಫೋನಿನ ಆ್ಯಪ್ ಹಾಡನ್ನು ಕುಗ್ಗಿಸಿ ಕೊಡಿ ಎಂದು ಕೇಳುತ್ತಿದೆ ಅಂತ ಅರ್ಥ. ಆ್ಯಪಿನಲ್ಲಿ ಮನೆಯ ವೈಫೈಗೆ ಮೂಲ ಗುಣಮಟ್ಟ, ಮೊಬೈಲ್ ಡೇಟಾಗೆ ಮಾತ್ರ ಕಡಿಮೆ ಅಂತ ಇಡಿ. ವೈರಸ್ ಅಲ್ಲ.

ಪ್ರಶ್ನೆ: ಈಗ ಪೈ 3 ಇದೆ. ಬರೀ ಹಾಡಿನ ಸರ್ವರಿಗೆ ಪೈ 5 ತಗೊಳ್ಳಬಹುದಾ? ಮನೆಯಲ್ಲಿ ಮೂವರು ಕೇಳುವವರು, 9,000 ಹಾಡು. (ಓದುಗರು, ಬೆಂಗಳೂರು)

ಉತ್ತರ: ಬೇಡ. ಮೂವರಿಗೆ ಪೈ 3 ಸಾಕು. ಮೊದಲನೇ ಸ್ಕ್ಯಾನ್ ಒಂದು ರಾತ್ರಿ ಹಿಡಿಯಬಹುದು, ಆಗ ಸಿಪಿಯು ಏರಿದರೆ ಹೆದರಬೇಡಿ, ಮಲಗಿ. ಪೈ 5ಕ್ಕೆ 5 ಆಂಪಿಯರಿನ ಬೇರೆ ಅಡಾಪ್ಟರ್ ಇದ್ದರೆ ಒಳ್ಳೇದು, ಬಿಸಿ ಇಳಿಸಲು ಫ್ಯಾನ್ ಇದ್ದರೆ ಒಳ್ಳೇದು, ಖರ್ಚು ಬೋರ್ಡಿಗೇ ನಿಲ್ಲುವುದಿಲ್ಲ. ಆ ದುಡ್ಡಿಗೆ ಎರಡನೇ ಹಾರ್ಡ್ ಡಿಸ್ಕ್ ತಗೊಳ್ಳಿ. ಎಲ್ಲಿಡಬೇಕು ಅಂತ ಮೇಲಿನ ಸಾಗರದ ಪತ್ರದಲ್ಲಿದೆ.